ನೀರಿನ ಪಾಠದಲ್ಲಿ ನೀರೇ ಇಲ್ಲ

ಚಿಕ್ಕಬಾಣಾವರದ ನೆರೆಯ ಸೋಲದೇವನಹಳ್ಳಿಗೆ ಬೆಂಗಳೂರಿನ ನೀರಿನ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದಲ್ಲಿ ಜಲಾಶಯ ರೂಪುಗೊಂಡಿತು. ಅಲ್ಲಿಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ತರಬನಹಳ್ಳಿಯವರೆಗೆ ತಾನಾಗಿಯೇ ಹರಿದು, ಅಲ್ಲಿಂದ ಕೊಳವೆಯ ಮೂಲಕ ಸೋಲದೇವನಹಳ್ಳಿಗೆ ಬಂದು, ಉಗಿಯಂತ್ರದ ಬಲದಿಂದ ಮಲ್ಲೇಶ್ವರದ ಕಡೆಗೆ ಏರುತ್ತಿತ್ತು. ಬಾವಿ, ಕಲ್ಯಾಣಿ, ಕೆರೆಗಳನ್ನೇ ನಂಬಿದ್ದ ಊರಿಗೆ ದೂರದಿಂದ ಕೊಳವೆ ನೀರು ಬರುವ ಪದ್ಧತಿ ಆರಂಭವಾದದ್ದು ಈ ದಾರಿಯಲ್ಲೇ. ಒಂದು ನಗರಕ್ಕೆ ನೀರು ಕುಡಿಸಿದ ನೆಲ ಇದು.

ಈಗ ಇದೇ ಸುತ್ತಿನಲ್ಲಿ ಬೇಸಿಗೆ ಬಂತೆಂದರೆ ಟ್ಯಾಂಕರ್‌ಗಳ ಓಡಾಟ ಹೆಚ್ಚುತ್ತದೆ. ಹೆಸರಘಟ್ಟ ರಸ್ತೆಯ ಆಚೀಚೆ ಬಡಾವಣೆಗಳು, ಕಾಲೇಜುಗಳು, ಹಾಸ್ಟೆಲ್‌ಗಳು, ಪೀಣ್ಯಕ್ಕೆ ದುಡಿಯಲು ಹೋಗುವವರ ಬಾಡಿಗೆ ಮನೆಗಳು ಒತ್ತೊತ್ತಾಗಿ ಎದ್ದಿವೆ. ಊರಿನ ದೊಡ್ಡ ಕೆರೆಗೆ ಮಳೆನೀರಿನ ಜೊತೆ ಬಡಾವಣೆಗಳ ಕೊಳಚೆಯೂ ಸೇರುತ್ತಿದೆ ಎಂಬ ದೂರು ಹಳೆಯದು. ಕೊಳವೆಬಾವಿಯಲ್ಲಿ ನೀರಿದೆಯೇ ಎಂಬುದು ಇಲ್ಲಿಯ ಮನೆಗಳ ಮೊದಲ ಪ್ರಶ್ನೆ. ಇದ್ದರೆ ಅದು ಕುಡಿಯಲು ಯೋಗ್ಯವೇ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಪಂಪಿನ ಸದ್ದೇ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಉತ್ತರ ಹೇಳಲು ವಿಜ್ಞಾನ ಬೇಕು.

ಆ ವಿಜ್ಞಾನವನ್ನು ಕಲಿಸಬೇಕಾದ ಜಾಗ ಶಾಲೆ. ಕಲಿಸುತ್ತಿಲ್ಲ ಎನ್ನುವಂತಿಲ್ಲ. ಪ್ರಾಥಮಿಕ ತರಗತಿಯ ಪರಿಸರ ಪಾಠದಿಂದ ಹಿಡಿದು ಪ್ರೌಢಶಾಲೆಯ ರಸಾಯನ ವಿಜ್ಞಾನದವರೆಗೆ ನೀರು ಮತ್ತೆ ಮತ್ತೆ ಬರುತ್ತದೆ. ಜಲಚಕ್ರದ ಚಿತ್ರ ಬಿಡಿಸದೆ, ನೀರಿನ ಅಣುಸೂತ್ರ ಬರೆಯದೆ, ಜಲಮಾಲಿನ್ಯದ ಕಾರಣಗಳನ್ನು ಪಟ್ಟಿ ಮಾಡದೆ ಯಾವ ವಿದ್ಯಾರ್ಥಿಯೂ ಎಸ್‌ಎಸ್‌ಎಲ್‌ಸಿ ದಾಟುವುದಿಲ್ಲ. ಆದರೆ ಹಾಗೆ ದಾಟಿದ ವಿದ್ಯಾರ್ಥಿಗೆ ತನ್ನ ಶಾಲೆಯ ನಲ್ಲಿಯಲ್ಲಿ ಬರುವ ನೀರು ಎಲ್ಲಿಯದು, ಅದರಲ್ಲಿ ಏನು ಕರಗಿದೆ, ಬಳಸಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಸಾಮಾನ್ಯವಾಗಿ ಉತ್ತರ ದೊರೆಯುವುದಿಲ್ಲ. ನೀರಿನ ಬಗ್ಗೆ ಹತ್ತು ವರ್ಷ ಓದಿದವರಿಗೆ ತಮ್ಮ ನೀರೇ ಅಪರಿಚಿತ. ಪುಸ್ತಕದ ಬದನೆಕಾಯಿ ಎಂಬ ಮಾತು ಇದಕ್ಕಿಂತ ಹೆಚ್ಚು ಒಪ್ಪುವ ಸಂದರ್ಭ ಇನ್ನೊಂದಿರಲಾರದು.

ಇದನ್ನು ಬೋಧನಾ ವಿಧಾನದ ಸಣ್ಣ ಲೋಪವೆಂದು ಶಿಕ್ಷಣ ತಜ್ಞರಿಗೆ ಬಿಟ್ಟುಬಿಡಬಹುದಿತ್ತು. ಆದರೆ ನೀರಿನ ಕುರಿತ ಅಜ್ಞಾನಕ್ಕೆ ನಾಡು ಪ್ರಾಣದ ಬೆಲೆ ತೆರುತ್ತಿದೆ. 2022ರಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಸತ್ತರು. ಕವಾಡಿಗರಹಟ್ಟಿಯೊಂದರಲ್ಲೇ ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಅಂಥ ದುರಂತಗಳ ಮೊದಲ ಹೊಣೆ ನೀರು ಪೂರೈಸುವವರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೂರೈಸುವವರನ್ನು ಪ್ರಶ್ನಿಸಲು ಬೇಕಾದ ತಿಳಿವಳಿಕೆ ಕುಡಿಯುವವರಲ್ಲಿ ಇಲ್ಲದೆ ಹೋದರೆ ಹೊಣೆಗಾರಿಕೆ ಎಂಬುದು ದುರಂತದ ಮರುದಿನದ ಅಮಾನತಿಗೆ ಮುಗಿದುಹೋಗುತ್ತದೆ.

ಮೊದಲು ಜಲಚಕ್ರವನ್ನೇ ನೋಡೋಣ. ಪಠ್ಯಪುಸ್ತಕದ ಚಿತ್ರದಲ್ಲಿ ಒಂದು ಸಮುದ್ರ, ಒಂದು ಮೋಡ, ಒಂದು ಬೆಟ್ಟ, ಅಲ್ಲಿಂದ ಇಳಿಯುವ ಒಂದು ನದಿ ಇರುತ್ತವೆ. ಬಾಣದ ಗುರುತುಗಳು ಒಂದನ್ನೊಂದು ಹಿಂಬಾಲಿಸುತ್ತವೆ. ಅದರಲ್ಲಿ ಮನುಷ್ಯನಿಲ್ಲ, ಪಂಪಿಲ್ಲ, ಚರಂಡಿಯಿಲ್ಲ. ಬೆಂಗಳೂರಿನ ಜಲಚಕ್ರ ಬೇರೆಯೇ ಬಗೆಯದು. ಕಾವೇರಿಯ ನೀರು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪ್ ಆಗಿ, ಗುಡ್ಡವೇರಿ ನಗರಕ್ಕೆ ಬರುತ್ತದೆ. ಇಲ್ಲಿ ಅದು ನದಿಯಂತೆ ಇಳಿಯುವುದಿಲ್ಲ. ವಿದ್ಯುತ್ತಿನ ಬಲದಿಂದ ಹತ್ತುತ್ತದೆ. ಬಳಸಿ ಬಿಟ್ಟ ನೀರಿನ ಒಂದು ಭಾಗ ಸಂಸ್ಕರಣೆಗೊಂಡು, 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಕೊಳವೆಗಳಲ್ಲಿ ಕೋಲಾರದ ಕೆರೆಗಳಿಗೆ ಸಾಗುತ್ತಿದೆ. ಕೊಡಗಿನ ಮಳೆ ಬೆಂಗಳೂರಿನ ಬಚ್ಚಲನ್ನು ಹಾದು ಕೋಲಾರದ ಅಂತರ್ಜಲವಾಗುವ ಈ ಪಯಣಕ್ಕಿಂತ ರೋಚಕವಾದ ಜಲಚಕ್ರದ ಪಾಠ ಇನ್ನೇನಿದೆ? ಅದು ಯಾವ ತರಗತಿಯ ಗೋಡೆಯ ಮೇಲೂ ಇಲ್ಲ.

ಅಂತರ್ಜಲದ ಚಿತ್ರವೂ ಹಾಗೆಯೇ. ಮಣ್ಣಿನ ಕೆಳಗೆ ನೀಲಿ ಬಣ್ಣದ ಒಂದು ಸಮತಟ್ಟಾದ ಪದರ. ಬಾವಿ ತೋಡಿದರೆ ನೀರು. ಗಂಗಾ ಬಯಲಿನ ಮೆಕ್ಕಲು ಮಣ್ಣಿಗೆ ಸಲ್ಲಬಹುದಾದ ಚಿತ್ರ ಇದು. ಬೆಂಗಳೂರು ನಿಂತಿರುವುದು ಗಟ್ಟಿ ನೈಸ್ ಶಿಲೆಯ ಮೇಲೆ. ಅದರ ಒಂದು ತುಣುಕನ್ನು ಲಾಲ್‌ಬಾಗಿನ ಬಂಡೆಯಲ್ಲಿ ಯಾರಾದರೂ ಮುಟ್ಟಿ ನೋಡಬಹುದು. ಇಲ್ಲಿ ಮೇಲಿನ ಸವೆದ ಶಿಲೆಯ ಪದರದಲ್ಲಿ ಒಂದಷ್ಟು ನೀರು ನಿಲ್ಲುತ್ತದೆ. ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ. ಮೇಲಿನ ಪದರವನ್ನು ಮಳೆ ಬೇಗ ತುಂಬಿಸಬಲ್ಲದು. ಸಾವಿರ ಅಡಿಯ ಬಿರುಕನ್ನು ತುಂಬಿಸುವ ಕೆಲಸ ಬಹಳ ನಿಧಾನದ್ದು. ಒಂದು ಮಗುವಿಗೆ ಈ ವ್ಯತ್ಯಾಸ ಗೊತ್ತಾದರೆ, ಪಕ್ಕದ ಸೈಟಿನಲ್ಲಿ ರಿಗ್ ಲಾರಿ ನಿಂತಾಗ ಅದಕ್ಕೆ ಏನು ನಡೆಯುತ್ತಿದೆ ಎಂಬುದೂ ಗೊತ್ತಾಗುತ್ತದೆ. ಬೆಂಗಳೂರು ನಗರ ಜಿಲ್ಲೆಯ ತಾಲ್ಲೂಕುಗಳು ಅಂತರ್ಜಲದ ‘ಅತಿಬಳಕೆ’ಯ ಪಟ್ಟಿಯಲ್ಲಿ ಇರುವುದರ ಅರ್ಥವೂ ಆಗ ಹೊಳೆಯುತ್ತದೆ: ಪ್ರತಿವರ್ಷ ಒಳಗಿಳಿಯುವುದಕ್ಕಿಂತ ಹೆಚ್ಚನ್ನು ನಾವು ಎತ್ತುತ್ತಿದ್ದೇವೆ.

ಅರ್ಕಾವತಿ ಏಕೆ ಬತ್ತಿತು ಎಂಬುದಂತೂ ನಮ್ಮ ಮನೆಬಾಗಿಲ ಪ್ರಶ್ನೆ. ಮಳೆ ಕಡಿಮೆಯಾಯಿತು, ಅದಕ್ಕೆ ನದಿ ಬತ್ತಿತು ಎಂಬುದು ಎಲ್ಲರೂ ಹೇಳುವ ಉತ್ತರ. ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಸಹೋದ್ಯೋಗಿಗಳೊಂದಿಗೆ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಒಪ್ಪುವುದಿಲ್ಲ. ಮಳೆಯ ಪ್ರಮಾಣದಲ್ಲಿ ನದಿಯನ್ನು ಬತ್ತಿಸುವಷ್ಟು ಇಳಿಕೆ ಕಂಡುಬಂದಿಲ್ಲ. ಕೊಳವೆಬಾವಿಗಳಿಂದ ಎತ್ತಿದ ನೀರು ಮತ್ತು ನೀಲಗಿರಿ ತೋಪುಗಳ ವಿಸ್ತರಣೆ ಮುಖ್ಯ ಕಾರಣಗಳಾಗಿರುವ ಸಂಭವವೇ ಹೆಚ್ಚು ಎಂಬುದು ಅದರ ಸಾರ. ಹೊಳೆಯ ಹರಿವಿಗೆ ಆಧಾರವಾಗಿದ್ದುದು ಮೇಲ್ಪದರದ ಅಂತರ್ಜಲ. ಅದು ಕುಸಿದ ಮೇಲೆ ಮಳೆ ಬಂದರೂ ಹೊಳೆ ಹರಿಯುವುದಿಲ್ಲ. ಜಲಚಕ್ರದ ಕೊಂಡಿಯೊಂದನ್ನು ನಾವೇ ಕಳಚಿದ್ದೇವೆ ಎಂಬ ಈ ತಿಳಿವು ಹೆಸರಘಟ್ಟ, ಚಿಕ್ಕಬಾಣಾವರದ ಮಕ್ಕಳಿಗೆ ಯಾವ ಚಿತ್ರಕ್ಕಿಂತಲೂ ಹೆಚ್ಚನ್ನು ಕಲಿಸೀತು.

ಇನ್ನು ನೀರಿನ ಗುಣಗಳು. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂದು ನಮ್ಮ ಮಕ್ಕಳೆಲ್ಲ ಬರೆಯುತ್ತಾರೆ. ಬೆಂಗಳೂರಿನಲ್ಲಿ ಅದು 100ರಲ್ಲಿ ಕುದಿಯುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮಲ್ಲಿ ವಾಯುಭಾರ ಕಡಿಮೆ. ಹೀಗಾಗಿ ಪಾತ್ರೆಯ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯತೊಡಗುತ್ತದೆ. ಒಳ್ಳೆಯ ಥರ್ಮಾಮೀಟರ್ ಇಟ್ಟು ನೋಡುವ ಯಾವ ವಿದ್ಯಾರ್ಥಿಗೂ ಇದು ಕಾಣುತ್ತದೆ. ಕಂಡದ್ದನ್ನು ಬರೆದರೆ ಅಂಕ ಹೋಗುತ್ತದೆ, ಕಾಣದ್ದನ್ನು ಬರೆದರೆ ಅಂಕ ಬರುತ್ತದೆ ಎಂಬ ಪಾಠವನ್ನು ವಿದ್ಯಾರ್ಥಿ ಆ ಮೂರು ಡಿಗ್ರಿಗಳಲ್ಲಿ ಕಲಿತುಬಿಡುತ್ತಾನೆ. ಆ ಅಂತರ ಏಕೆ ಎಂದು ಶಿಕ್ಷಕರು ಕೇಳಿದ್ದರೆ ವಾಯುಭಾರ, ಎತ್ತರ, ಪ್ರೆಶರ್ ಕುಕ್ಕರ್ ಎಲ್ಲವೂ ಒಂದೇ ಅವಧಿಯಲ್ಲಿ ಬಂದು ನಿಲ್ಲುತ್ತಿದ್ದವು.

ಗಡಸು ನೀರಿನ ಪಾಠಕ್ಕೂ ಪ್ರಯೋಗಾಲಯ ಬೇಕಿಲ್ಲ. ಹೊರವಲಯದ ಮನೆಗಳಲ್ಲಿ ಗೀಜರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಹೊರೆ, ನಲ್ಲಿಯ ಬಾಯಲ್ಲಿ ಕೂರುವ ಸುಣ್ಣ, ಎಷ್ಟು ಉಜ್ಜಿದರೂ ನೊರೆ ಬಾರದ ಸಾಬೂನು ಎಲ್ಲವೂ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳ ಕತೆಯನ್ನೇ ಹೇಳುತ್ತವೆ. ಮೂರು ಬಾಟಲಿಗಳಲ್ಲಿ ಮಳೆನೀರು, ಕೊಳವೆಬಾವಿಯ ನೀರು, ಟ್ಯಾಂಕರ್ ನೀರು ತೆಗೆದುಕೊಂಡು, ಒಂದೇ ಅಳತೆಯ ಸಾಬೂನಿನ ದ್ರಾವಣ ಹಾಕಿ ಕುಲುಕಿದರೆ ನೊರೆಯ ಎತ್ತರವೇ ಗಡಸುತನದ ಅಂದಾಜು ಕೊಡುತ್ತದೆ.

ನೊರೆ ಎಂದಾಗ ಬೆಳ್ಳಂದೂರು ನೆನಪಾಗದೆ ಇರದು. 2015ರ ಸುಮಾರಿಗೆ ಆ ಕೆರೆಯ ನೊರೆ ರಸ್ತೆಗೆ ಹಾರಿಬಂದು ವಾಹನಗಳನ್ನು ಮುಚ್ಚಿತು; 2017ರ ಫೆಬ್ರುವರಿಯಲ್ಲಿ ಕೆರೆಗೆ ಬೆಂಕಿಯೇ ಬಿತ್ತು; ಜಗತ್ತಿನ ಪತ್ರಿಕೆಗಳು ಅದನ್ನು ಅಚ್ಚರಿಯಿಂದ ವರದಿ ಮಾಡಿದವು. ಡಿಟರ್ಜೆಂಟ್ ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ, ಆದ್ದರಿಂದ ಗುಳ್ಳೆಗಳು ಒಡೆಯದೆ ಉಳಿಯುತ್ತವೆ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿದ ಸಾವಿರಾರು ಮಕ್ಕಳು ವೈಟ್‌ಫೀಲ್ಡ್, ವರ್ತೂರಿನ ಶಾಲೆಗಳಿಗೆ ಆ ನೊರೆಯ ಪಕ್ಕದಲ್ಲೇ ಬಸ್ಸಿನಲ್ಲಿ ಹೋಗುತ್ತಿದ್ದರು. ಬಸ್ಸಿನ ಕಿಟಕಿಗೂ ತರಗತಿಯ ಕಪ್ಪುಹಲಗೆಗೂ ನಡುವೆ ಸೇತುವೆ ಇರಲಿಲ್ಲ.

ಗುಣಮಟ್ಟದ ವಿಷಯಕ್ಕೆ ಬಂದರೆ ಅಜ್ಞಾನ ಇನ್ನೂ ಅಪಾಯಕಾರಿ. ತಿಳಿಯಾಗಿ ಕಾಣುವ ನೀರು ಶುದ್ಧ ಎಂಬುದು ನಮ್ಮ ಸಮಾಜದ ಮೊದಲ ನಂಬಿಕೆ. ಕುದಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಎರಡನೆಯದು. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ನಿಜ. ಆದರೆ ಫ್ಲೋರೈಡ್, ನೈಟ್ರೇಟ್, ಕ್ರೋಮಿಯಂ ಸಾಯುವ ಜೀವಿಗಳಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆ ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆಗಳ ತೊಂದರೆಗೆ ಒಳಗಾದವರಿಗೆ ಬೆಂಕಿಯ ಮೇಲಿಟ್ಟ ಪಾತ್ರೆ ರಕ್ಷಣೆ ಕೊಡಲಿಲ್ಲ. ಭಾರತೀಯ ಮಾನಕ ಬ್ಯೂರೊದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ ಒಂದು ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ ಒಂದೂವರೆ. ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಂ ಮೀರಬಾರದು. 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ-ಕೊಲೈ ಕೂಡ ಪತ್ತೆಯಾಗಬಾರದು. ಕ್ರಿಕೆಟ್ ಆಟಗಾರರ ಸರಾಸರಿಗಳನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡ ಮಕ್ಕಳಿಗೆ ಈ ನಾಲ್ಕು ಅಂಕಿಗಳು ಭಾರವಾಗಲಾರವು.

ಚಿಕ್ಕಬಾಣಾವರದಿಂದ ಕೂಗಳತೆಯಲ್ಲಿರುವ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಹಲವು ಅಧ್ಯಯನಗಳಿಂದ ತಿಳಿದುಬಂದಿದೆ. ಲೋಹಕ್ಕೆ ಹೊಳಪು ಕೊಡುವ ಎಲೆಕ್ಟ್ರೊಪ್ಲೇಟಿಂಗ್ ಕೆಲಸದಲ್ಲಿ ಬಳಕೆಯಾಗುವ ಕ್ರೋಮಿಯಂನ ಒಂದು ರೂಪ ನೀರಿನಲ್ಲಿ ಸುಲಭವಾಗಿ ಕರಗಿ ಭೂಮಿಯೊಳಗೆ ದೂರ ಸಾಗಬಲ್ಲದು. ಅದು ಕ್ಯಾನ್ಸರ್‌ಕಾರಕ. ಸಾಂದ್ರತೆ ಬಹಳ ಹೆಚ್ಚಿದ್ದಾಗ ನೀರು ಹಳದಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಅಪಾಯದ ಗೆರೆಯನ್ನು ಆಗಷ್ಟೇ ದಾಟಿದ ನೀರಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಟ್ಯಾಂಕರ್ ಯಾವ ಕೊಳವೆಬಾವಿಯಿಂದ ತುಂಬಿ ಬಂತು ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. 2024ರ ಮಾರ್ಚ್‌ನಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಮುಖ್ಯಮಂತ್ರಿಯೇ ಹೇಳಿದಾಗ, ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಗೊತ್ತುಪಡಿಸಿತು: ಐದು ಕಿ.ಮೀ. ಒಳಗೆ 12 ಸಾವಿರ ಲೀಟರಿಗೆ ಒಂದು ಸಾವಿರ ರೂಪಾಯಿ. ಆ ದಿನಗಳಲ್ಲಿ ದರದ ಬಗ್ಗೆ ಬೀದಿಬೀದಿಯಲ್ಲಿ ಚರ್ಚೆ ನಡೆಯಿತು. ಗುಣಮಟ್ಟದ ಬಗ್ಗೆ ಅದರ ಹತ್ತರಲ್ಲೊಂದು ಪಾಲಿನ ಚರ್ಚೆಯೂ ನಡೆಯಲಿಲ್ಲ.

ಈ ಅಜ್ಞಾನ ಬಡವರದ್ದು, ಅನಕ್ಷರಸ್ಥರದ್ದು ಎಂದು ನಾವು, ಅಂದರೆ ಈ ಪುಟವನ್ನು ಓದುವ ವರ್ಗದವರು, ಭಾವಿಸಬೇಕಾಗಿಲ್ಲ. ನೀರು ಶೋಧಿಸುವ ಯಂತ್ರ ಮಾರುವ ಸೇಲ್ಸ್‌ಮನ್ ಮನೆಗೆ ಬಂದು ತೋರಿಸುವ ಪ್ರಯೋಗವನ್ನು ಅನೇಕರು ನೋಡಿದ್ದಾರೆ. ಎರಡು ಲೋಟಗಳಲ್ಲಿ ನೀರು. ಒಂದು ನಮ್ಮ ನಲ್ಲಿಯದು, ಇನ್ನೊಂದು ಆತನ ಯಂತ್ರದ್ದು. ಎರಡಕ್ಕೂ ಲೋಹದ ಕಡ್ಡಿಗಳಿರುವ ಉಪಕರಣ ಇಳಿಸಿ ವಿದ್ಯುತ್ ಹರಿಸುತ್ತಾನೆ. ನಮ್ಮ ನೀರು ಕ್ಷಣದಲ್ಲಿ ಕಂದು ಬಣ್ಣದ ಬಗ್ಗಡವಾಗುತ್ತದೆ, ಆತನದು ತಿಳಿಯಾಗಿಯೇ ಉಳಿಯುತ್ತದೆ. ಮನೆಮಂದಿ ಗಾಬರಿಯಾಗಿ ಚೆಕ್ ಬರೆಯುತ್ತಾರೆ. ಅಲ್ಲಿ ನಡೆದದ್ದು ಇಷ್ಟೇ: ಲವಣಗಳಿರುವ ನೀರು ವಿದ್ಯುತ್ತನ್ನು ಒಯ್ಯುತ್ತದೆ, ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಿನಂಥ ಗಷ್ಟು ಉಂಟಾಗುತ್ತದೆ. ಲವಣ ತೆಗೆದ ನೀರಿನಲ್ಲಿ ವಿದ್ಯುತ್ ಹರಿಯದು, ಕಡ್ಡಿ ಕರಗದು. ಕೊಳೆ ನೀರಿನಿಂದ ಬಂದದ್ದಲ್ಲ, ಕಡ್ಡಿಯಿಂದ ಬಂದದ್ದು. ವಿದ್ಯುದ್ವಿಭಜನೆಯ ಪಾಠಕ್ಕೆ ಪೂರ್ಣ ಅಂಕ ತೆಗೆದು ಎಂಜಿನಿಯರ್ ಆದವರೂ ಈ ತಂತ್ರಕ್ಕೆ ಸೋತಿದ್ದಾರೆ. ಮಾರುವವನಿಗೆ ಗೊತ್ತಿರುವ ವಿಜ್ಞಾನ ಕೊಳ್ಳುವವನಿಗೆ ನೆನಪಾಗುವುದಿಲ್ಲ.

ಟಿಡಿಎಸ್ ಮೀಟರ್ ಎಂಬ ಪುಟ್ಟ ಕಡ್ಡಿಯೂ ಇಂಥದೇ ಭ್ರಮೆ ಹುಟ್ಟಿಸಿದೆ. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದರಿಂದ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ಅಂದಾಜು ಮಾಡುತ್ತದೆ. ಒಳ್ಳೆಯ ಲವಣ, ಕೆಟ್ಟ ಲವಣ ಎಂಬ ಭೇದ ಅದಕ್ಕೆ ತಿಳಿಯದು. ರೋಗಾಣು ತುಂಬಿದ ನೀರಿಗೂ ಅದು ಕಡಿಮೆ ಅಂಕಿಯನ್ನು ತೋರಿಸಬಹುದು. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣವಿರುವೆಡೆ ಆರ್‌ಒ ಯಂತ್ರಗಳ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ್ದಕ್ಕೆ ಕಾರಣ, ಆ ಯಂತ್ರಗಳು ಶೋಧಿಸುವಾಗ ಚರಂಡಿಗೆ ಬಿಡುವ ಅಪಾರ ನೀರು. ಗಡಸು ಕೊಳವೆಬಾವಿಯ ಮನೆಗೆ ಆರ್‌ಒ ಅಗತ್ಯವಿರಬಹುದು. ಕಾವೇರಿ ನೀರು ಬರುವ ಮನೆಗೆ ಅದು ದುಂದು. ಯಾವ ನೀರಿಗೆ ಯಾವ ಶುದ್ಧೀಕರಣ ಎಂಬ ವಿವೇಕ ಪರೀಕ್ಷೆಯಿಂದ ಬರಬೇಕೇ ಹೊರತು ಜಾಹೀರಾತಿನಿಂದ ಅಲ್ಲ.

ಹಾಗಾದರೆ ಇಷ್ಟು ಕಾಲ ಯಾರೂ ಏನೂ ಮಾಡಲಿಲ್ಲವೇ? ಮಾಡಿದ್ದಾರೆ, ಮತ್ತು ಆ ಯತ್ನಗಳಿಂದ ಕಲಿಯಬೇಕಾದದ್ದು ಬಹಳಷ್ಟಿದೆ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ಹೇಳಿತು. 2003ರಲ್ಲಿ ಅದನ್ನೇ ಮತ್ತೆ ಒತ್ತಿ ಹೇಳಬೇಕಾಯಿತು. ಪ್ರೊ. ಯಶಪಾಲ್ ಅವರ ನೇತೃತ್ವದಲ್ಲಿ ರೂಪುಗೊಂಡ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸುವುದೇ ತನ್ನ ಮೊದಲ ತತ್ವವೆಂದು ಸಾರಿತು. ಪುಸ್ತಕಗಳು ಸುಧಾರಿಸಿದವು, ಚಿತ್ರಗಳು ಬಣ್ಣ ಪಡೆದವು, ಪಾಠದ ಕೊನೆಯಲ್ಲಿ ‘ನೀವೇ ಮಾಡಿ ನೋಡಿ’ ಎಂಬ ಪೆಟ್ಟಿಗೆಗಳು ಬಂದವು. ಪರೀಕ್ಷೆ ಮಾತ್ರ ಹಳೆಯದೇ ಆಗಿ ಉಳಿದುದರಿಂದ ಆ ಪೆಟ್ಟಿಗೆಗಳನ್ನು ಓದದೆ ದಾಟುವುದು ರೂಢಿಯಾಯಿತು.

ಇದಕ್ಕೆ ಬೇರೆಯಾದ ದಾರಿಯೊಂದನ್ನು ಮಧ್ಯಪ್ರದೇಶದ ಹೋಶಂಗಾಬಾದ್ ತೋರಿಸಿತ್ತು. 1972ರಲ್ಲಿ 16 ಶಾಲೆಗಳಲ್ಲಿ ಆರಂಭವಾದ ಆ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳು ಸರಳ ಸಾಮಗ್ರಿಗಳಿಂದ ತಾವೇ ಪ್ರಯೋಗ ಮಾಡಿ ತೀರ್ಮಾನಕ್ಕೆ ಬರುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಬಹುದಿತ್ತು. ಕೈಯಿಂದ ಮಾಡುವ ಪ್ರಯೋಗಕ್ಕೂ ಅಂಕಗಳಿದ್ದವು. ನೂರಾರು ಶಾಲೆಗಳಿಗೆ ಹಬ್ಬಿದ ಅದನ್ನು 2002ರಲ್ಲಿ ಅಲ್ಲಿಯ ಸರ್ಕಾರ ನಿಲ್ಲಿಸಿತು. ಮೂರು ದಶಕ ನಡೆದ ಕಾರ್ಯಕ್ರಮವೊಂದು, ಸಾಮಾನ್ಯ ಸರ್ಕಾರಿ ಶಾಲೆಯಲ್ಲೂ ಇದು ಸಾಧ್ಯ ಎಂಬುದನ್ನಂತೂ ರುಜುವಾತುಪಡಿಸಿತು.

ನಮ್ಮದೇ ರಾಜ್ಯದ ಸುವರ್ಣ ಜಲ ಯೋಜನೆ ಮತ್ತೊಂದು ಬಗೆಯ ಪಾಠ. ರಾಜ್ಯೋದಯದ ಸುವರ್ಣ ಸಂಭ್ರಮದ ಹೊತ್ತಿಗೆ, 2006-07ರಲ್ಲಿ, 23 ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳ ಚಾವಣಿಯ ಮಳೆನೀರನ್ನು ಹಿಡಿದು ಮಕ್ಕಳಿಗೆ ಕುಡಿಯಲು ಕೊಡುವ ಉದ್ದೇಶದಿಂದ ಅದು ಜಾರಿಯಾಯಿತು. ಆಲೋಚನೆ ಅತ್ಯುತ್ತಮ. ಆದರೆ ಅನಂತರದ ಸಮೀಕ್ಷೆಗಳಲ್ಲಿ ಕಂಡದ್ದು ಒಡೆದ ಕೊಳವೆಗಳು, ಅರ್ಧಕ್ಕೆ ನಿಂತ ತೊಟ್ಟಿಗಳು, ಬಳಕೆಯಿಲ್ಲದ ಶೋಧಕಗಳು. ಗುತ್ತಿಗೆದಾರ ಕಟ್ಟಿ ಹೋದ ತೊಟ್ಟಿ ಶಾಲೆಯ ಆವರಣದಲ್ಲಿತ್ತು, ಶಾಲೆಯ ಪಾಠದಲ್ಲಿ ಇರಲಿಲ್ಲ. ಚಾವಣಿ ಗುಡಿಸುವುದು ಯಾರು, ಮೊದಲ ಮಳೆಯ ನೀರನ್ನು ಹೊರಬಿಡುವುದು ಏಕೆ, ತೊಟ್ಟಿಯ ನೀರನ್ನು ಪರೀಕ್ಷಿಸುವುದು ಹೇಗೆ ಎಂಬುದು ಮಕ್ಕಳ ಕಲಿಕೆಯ ಭಾಗವಾಗಿದ್ದರೆ ಅವುಗಳಲ್ಲಿ ಎಷ್ಟೋ ತೊಟ್ಟಿಗಳು ಬದುಕಿರುತ್ತಿದ್ದವು ಎಂಬುದು ನನ್ನ ನಂಬಿಕೆ.

ಮಳೆಯ ಲೆಕ್ಕವೇ ಎಂಥ ಗಣಿತ ಪಾಠ ನೋಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಸರಾಸರಿ ಸುಮಾರು 970 ಮಿಲಿಮೀಟರ್. ಅಂದರೆ 30-40ರ ಸೈಟಿನ ಮೇಲೆ ವರ್ಷಕ್ಕೆ ಬೀಳುವುದು ಸುಮಾರು 1.08 ಲಕ್ಷ ಲೀಟರ್, 12 ಸಾವಿರ ಲೀಟರಿನ ಒಂಬತ್ತು ಟ್ಯಾಂಕರ್. 500 ಚದರ ಮೀಟರ್ ಚಾವಣಿಯಿರುವ ಶಾಲೆಗೆ, ಐದರಲ್ಲೊಂದು ಪಾಲು ಪೋಲಾದರೂ, 3.88 ಲಕ್ಷ ಲೀಟರ್ ಸಿಗುತ್ತದೆ. 300 ಮಕ್ಕಳಿಗೆ ದಿನಕ್ಕೆ ಐದು ಲೀಟರಿನಂತೆ 220 ದಿನಕ್ಕೆ ಬೇಕಾಗುವುದು 3.30 ಲಕ್ಷ ಲೀಟರ್. ಮಳೆ ಬರುವ ತಿಂಗಳೂ ನೀರು ಬೇಕಾಗುವ ತಿಂಗಳೂ ಒಂದೇ ಅಲ್ಲ, ಆದ್ದರಿಂದ ಎಷ್ಟು ದೊಡ್ಡ ತೊಟ್ಟಿ ಬೇಕು, ಉಳಿದದ್ದನ್ನು ಇಂಗಿಸುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಬೆಂಗಳೂರಿನ ಎ.ಆರ್. ಶಿವಕುಮಾರ್ ಅವರು ತಮ್ಮ ಮನೆಯನ್ನೇ ಮಳೆನೀರಿನ ಮೇಲೆ ನಡೆಸಿ, ಕರಾವಳಿಯ ಶ್ರೀ ಪಡ್ರೆಯವರು ದಶಕಗಳ ಕಾಲ ಜಲಸಂರಕ್ಷಣೆಯ ಯಶೋಗಾಥೆಗಳನ್ನು ಬರೆದು ಈ ಲೆಕ್ಕವನ್ನು ಜನರ ಬಳಿಗೆ ಒಯ್ದರು. ಅದು ಇನ್ನೂ ತರಗತಿಯ ಒಳಗೆ ಬರಬೇಕಾಗಿದೆ.

ಈಗ ಏನು ಮಾಡಬಹುದು? ಹೊಸ ವಿಷಯವನ್ನೋ ಹೊಸ ಪಠ್ಯಪುಸ್ತಕವನ್ನೋ ಸೇರಿಸಿ ಎಂದು ನಾನು ಹೇಳಲಾರೆ. ಮಕ್ಕಳ ಬೆನ್ನಿನ ಮೇಲೆ ಸಾಕಷ್ಟು ಭಾರವಿದೆ. ಎಂಟು ಮತ್ತು ಒಂಬತ್ತನೆಯ ತರಗತಿಯ ಪ್ರತಿಯೊಂದು ಶಾಲೆಯೂ ವರ್ಷಕ್ಕೆ ನಾಲ್ಕು ಸಲ, ಋತು ಬದಲಾದಂತೆ, ತನ್ನ ಕುಡಿಯುವ ನೀರನ್ನು ತಾನೇ ಪರೀಕ್ಷಿಸಿ ದಾಖಲೆ ಇಡಲಿ. ಆಮ್ಲೀಯತೆ, ಗಡಸುತನ, ಫ್ಲೋರೈಡ್, ನೈಟ್ರೇಟ್, ಉಳಿಕೆ ಕ್ಲೋರಿನ್‌ಗಳನ್ನು ಬಣ್ಣ ಹೋಲಿಸಿ ಅಳೆಯುವ ಕಿಟ್‌ಗಳಿವೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಇಂಥ ಕಿಟ್ ಬಳಸಲು ತರಬೇತಿ ಕೊಡುವ ಏರ್ಪಾಡೇ ಇದೆ. ಹಳ್ಳಿಯ ಹೆಣ್ಣುಮಗಳು ಮಾಡಬಲ್ಲ ಪರೀಕ್ಷೆಯನ್ನು ಪ್ರೌಢಶಾಲೆಯ ವಿದ್ಯಾರ್ಥಿ ಮಾಡಲಾರದೇ? ರೋಗಾಣುಗಳ ವಿಷಯಕ್ಕೆ, ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಸರಳ ವಿಧಾನವಿದೆ: ಪುಟ್ಟ ಬಾಟಲಿಯಲ್ಲಿ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟರೆ, ಮಲದ ಕಲ್ಮಶವಿದ್ದಾಗ ಅದು ಕಪ್ಪಾಗುತ್ತದೆ. ಬಾಟಲಿ ಕಪ್ಪಾಗುವುದನ್ನು ಕಣ್ಣಾರೆ ಕಂಡ ಮಗುವಿಗೆ ಕೈತೊಳೆಯುವ ಉಪದೇಶ ಬೇರೆ ಬೇಕಾಗುವುದಿಲ್ಲ.

ಎರಡನೆಯದಾಗಿ, ಈ ಕೆಲಸಕ್ಕೆ ಅಂಕ ಸಿಗಬೇಕು. ನಮ್ಮ ಪ್ರೌಢಶಾಲಾ ವ್ಯವಸ್ಥೆಯಲ್ಲಿ ಆಂತರಿಕ ಮೌಲ್ಯಮಾಪನಕ್ಕೆ ಈಗಾಗಲೇ ಜಾಗವಿದೆ. ಅದು ಬಹುಮಟ್ಟಿಗೆ ಅಂಗಡಿಯಿಂದ ತಂದ ಚಾರ್ಟು, ಥರ್ಮಾಕೋಲ್ ಮಾದರಿಗಳಿಗೆ ಸಂದುಹೋಗುತ್ತಿದೆ. ಅದೇ ಅಂಕಗಳನ್ನು ನೀರಿನ ದಾಖಲೆ ಪುಸ್ತಕಕ್ಕೆ ಕೊಡಬಹುದು. ಮೂರನೆಯದಾಗಿ, ಹೆಸರಘಟ್ಟ ರಸ್ತೆಯಲ್ಲೇ ಎಷ್ಟೊಂದು ಎಂಜಿನಿಯರಿಂಗ್, ಔಷಧವಿಜ್ಞಾನ ಕಾಲೇಜುಗಳಿವೆ. ಕಿಟ್‌ನಲ್ಲಿ ಸಂಶಯ ಬಂದ ಮಾದರಿಗಳನ್ನು, ಕಿಟ್‌ಗೆ ಎಟುಕದ ಕ್ರೋಮಿಯಂನಂಥ ಲೋಹಗಳನ್ನು ಅವು ತಮ್ಮ ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಟ್ಟರೆ ಊರಿಗೂ ಕಾಲೇಜಿಗೂ ಒಂದು ಸಂಬಂಧ ಏರ್ಪಡುತ್ತದೆ.

ಆಕ್ಷೇಪಗಳು ಇರುತ್ತವೆ. ಜನಗಣತಿ, ಚುನಾವಣೆ, ಬಿಸಿಯೂಟಗಳ ನಡುವೆ ಶಿಕ್ಷಕರಿಗೆ ಇನ್ನೊಂದು ಹೊರೆ ಎಂಬುದು ಒಂದು. ಅದು ನ್ಯಾಯವಾದ ಮಾತು. ಆದ್ದರಿಂದಲೇ ಇದನ್ನು ಪಾಠಕ್ಕೆ ಹೆಚ್ಚುವರಿಯಾಗಿ ಅಲ್ಲ, ಪಾಠದ ಬದಲಿಗೆ ಇಡಬೇಕು: ಗಡಸುತನದ ಪಾಠವೇ ಗಡಸುತನದ ಪರೀಕ್ಷೆಯಾಗಲಿ. ಕಿಟ್‌ಗಳ ಫಲಿತಾಂಶ ನಿಖರವಲ್ಲ ಎಂಬುದು ಇನ್ನೊಂದು. ಅವು ಎಚ್ಚರಿಕೆಯ ಗಂಟೆಗಳೇ ಹೊರತು ತೀರ್ಪುಗಳಲ್ಲ ಎಂಬುದನ್ನು ಕಲಿಸುವುದೂ ವಿಜ್ಞಾನ ಶಿಕ್ಷಣದ ಭಾಗವೇ.

ನಿಜವಾದ ಅಡ್ಡಿ ಇರುವುದು ಬೇರೆಡೆ. ಪರೀಕ್ಷೆಯಲ್ಲಿ ನೀರು ಕೆಟ್ಟಿದೆ ಎಂದು ತಿಳಿದರೆ ಏನು ಮಾಡುವುದು? ಸರ್ಕಾರಿ ಶಾಲೆಯ ಮುಖ್ಯಶಿಕ್ಷಕರಿಗೆ ಮೇಲಧಿಕಾರಿಗಳ ಭಯ. ಖಾಸಗಿ ಶಾಲೆಗೆ ಮುಂದಿನ ವರ್ಷದ ದಾಖಲಾತಿಯ ಭಯ. ಅಪಾರ್ಟ್‌ಮೆಂಟ್ ಸಂಘಕ್ಕೆ ಫ್ಲ್ಯಾಟಿನ ಬೆಲೆ ಇಳಿಯುವ ಭಯ. ಗೊತ್ತಿಲ್ಲದಿರುವುದೇ ಎಲ್ಲರಿಗೂ ಕ್ಷೇಮವಾಗಿ ಕಾಣುತ್ತದೆ. ಹೀಗಾಗಿ ಕಿಟ್ ಹಂಚುವ ಮುನ್ನ ಸರ್ಕಾರ ಒಂದು ನಿಯಮ ಮಾಡಬೇಕು: ಶಾಲೆಯ ಫಲಿತಾಂಶ ಶಾಲೆಯ ಫಲಕದ ಮೇಲೆ ಬರಬೇಕು, ದೋಷ ಕಂಡ ಮಾದರಿಯನ್ನು ಗೊತ್ತಾದ ದಿನಗಳೊಳಗೆ ಮಾನ್ಯತೆ ಪಡೆದ ಪ್ರಯೋಗಾಲಯ ಮರುಪರೀಕ್ಷಿಸಬೇಕು, ಅಲ್ಲಿಯವರೆಗೆ ಬೇರೆ ನೀರು ಒದಗಿಸುವುದು ಸ್ಥಳೀಯ ಆಡಳಿತದ ಹೊಣೆಯಾಗಬೇಕು, ವರದಿ ಮಾಡಿದ ಶಾಲೆಯ ಮೇಲೆ ಯಾವ ಕ್ರಮವೂ ಆಗಬಾರದು. ಇಷ್ಟಿಲ್ಲದೆ ಮಕ್ಕಳ ಕೈಗೆ ಕಿಟ್ ಕೊಟ್ಟರೆ, ಕಂಡದ್ದನ್ನು ಹೇಳಬಾರದು ಎಂಬ ಇನ್ನೂ ಕೆಟ್ಟ ಪಾಠವನ್ನು ಅವರು ಕಲಿಯುತ್ತಾರೆ.

2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಲೋಕಾರ್ಪಣೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ನಗರದ ಹೊರವಲಯದ 110 ಹಳ್ಳಿಗಳನ್ನು ಗುರಿಯಾಗಿಟ್ಟುಕೊಂಡು ಬಂತು. ಹೆಸರಘಟ್ಟ ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬಂತು, ಅದೂ ಸಾಲದಾದಾಗ 1974ರಲ್ಲಿ ಕಾವೇರಿ ಬಂತು. ಪ್ರತಿ ಸಲವೂ ನಗರ ಹತ್ತಿರದ ನೀರನ್ನು ಕೈಬಿಟ್ಟು ದೂರದ ನೀರಿಗೆ ಕೈಚಾಚಿದೆ. ಬಾಯಾರಿದಾಗ ಬಾವಿ ತೋಡುವ ಈ ಪದ್ಧತಿಗೆ ಮಿತಿ ಸಮೀಪಿಸಿದೆ ಎಂಬುದನ್ನು 2024ರ ಬೇಸಿಗೆ ತೋರಿಸಿಕೊಟ್ಟಿತು. ಕೆರೆಗಳನ್ನು ಉಳಿಸುವುದು, ಕೊಳಚೆಯನ್ನು ಸಂಸ್ಕರಿಸಿ ಮರಳಿ ಬಳಸುವುದು, ಕೊಳವೆಬಾವಿಗಳಿಗೆ ಲಗಾಮು ಹಾಕುವುದು, ನೀರಿಗೆ ನ್ಯಾಯವಾದ ಬೆಲೆ ಇಡುವುದು ಎಲ್ಲವೂ ಇನ್ನು ಇಪ್ಪತ್ತು ವರ್ಷಗಳಲ್ಲಿ ಜನರೇ ನಿರ್ಧರಿಸಬೇಕಾದ ಸಂಗತಿಗಳು. ಅವನ್ನು ನಿರ್ಧರಿಸುವ ಮತದಾರರು ಇಂದು ಎಂಟನೇ ತರಗತಿಯಲ್ಲಿ ಕುಳಿತು ಸಮುದ್ರದಿಂದ ಮೋಡಕ್ಕೆ ಬಾಣದ ಗುರುತು ಎಳೆಯುತ್ತಿದ್ದಾರೆ. ಆ ಚಿತ್ರದೊಳಗೆ ತಮ್ಮ ಊರಿನ ಕೆರೆ, ತಮ್ಮ ಶಾಲೆಯ ಸಂಪು, ತಮ್ಮ ಬೀದಿಯ ಚರಂಡಿಯನ್ನು ಸೇರಿಸಲು ಅವರಿಗೆ ಅವಕಾಶ ಕೊಡುವುದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಕೆಟ್ಟ ಸುದ್ದಿಯನ್ನು ಮಕ್ಕಳ ಬಾಯಿಂದ ಕೇಳಿಸಿಕೊಳ್ಳುವ ಧೈರ್ಯ ಹಿರಿಯರಿಗೆ ಬೇಕು.